ಮಾವನಿಗೆ ಅಡ್ಡ ಇಟ್ಟ ಪೀಚ್ ಕೋಲು

ನಮ್ಮ ಲುವಾನ್ ಕಣಿವೆಯ ವ್ಯವಹಾರ ಬಹಳ ಸರಳ. ಪೀಚ್ ಮರಕ್ಕೆ ದೆವ್ವ ಹೆದರುತ್ತದೆ, ದೆವ್ವಕ್ಕೆ ಮನುಷ್ಯ ಹೆದರುತ್ತಾನೆ, ಹೆದರಿದ ಮನುಷ್ಯ ನಮ್ಮಲ್ಲಿಗೆ ಬಂದು ಪೀಚ್ ಮರದ ಕತ್ತಿ ಕೊಂಡು ಹೋಗುತ್ತಾನೆ. ಇದರಿಂದ ದೆವ್ವವೊಂದನ್ನು ಬಿಟ್ಟು ಮಿಕ್ಕವರೆಲ್ಲರ ಹೊಟ್ಟೆ ತುಂಬುತ್ತದೆ. ತಾಯಿಶಾನ್ ಬೆಟ್ಟ ಹತ್ತಿಳಿದ ಯಾತ್ರಿಕರು ಕೆಂಪು ಗೊಂಡೆ ಕಟ್ಟಿದ ನಮ್ಮ ಕತ್ತಿಗಳನ್ನು ಬಸ್ಸಿನ ಕಿಟಕಿಗೆ ನೇತುಹಾಕಿಕೊಂಡು ತಮ್ಮ ಊರು ಸೇರುತ್ತಾರೆ. ಕತ್ತಿ ಮಾಡುವ ನಾವು ಮಾತ್ರ ಅಷ್ಟಾಗಿ ಹೆದರುವವರಲ್ಲ. ಮಿಠಾಯಿ ಅಂಗಡಿಯವನ ಮಕ್ಕಳು ಮಿಠಾಯಿಗೆ ಅಳುತ್ತಾರೆಯೇ?

ಇದಕ್ಕೆ ಹೊರತಾದವನು ಒಬ್ಬನೇ, ನನ್ನ ಗೋಡೆಯಾಚೆಯ ಮನೆಯ ಮೌ ದಶುನ್. ದಶುನ್ ಎಂದರೆ ‘ಎಲ್ಲವೂ ಸುಸೂತ್ರ’ ಎಂದರ್ಥ. ಹೆತ್ತವರು ಯಾವ ಗಳಿಗೆಯಲ್ಲಿ ಆ ಹೆಸರಿಟ್ಟರೋ, ಅವನು ಕೈಹಾಕಿದ ಒಂದು ಕೆಲಸವಾದರೂ ಸುಸೂತ್ರವಾಗಿ ಮುಗಿದದ್ದನ್ನು ಕಂಡವರಿಲ್ಲ. ನಮ್ಮ ವಂಶದ ಹಿರಿಯರಾದ ಮೂರನೇ ತಾತನ ಕೆತ್ತನೆ ಕೊಟ್ಟಿಗೆಯಲ್ಲಿ ಅವನು ಹಗಲೆಲ್ಲ ದೆವ್ವ ಓಡಿಸುವ ಕತ್ತಿಗಳಿಗೆ ಉಪ್ಪುಕಾಗದ ಉಜ್ಜುತ್ತಾನೆ. ಮುಸ್ಸಂಜೆಯಾಯಿತೆಂದರೆ ಅಂಗಳದ ಮೂಲೆಯ ಪಾಯಿಖಾನೆಗೆ ಹೋಗಲು ಹೆಂಡತಿ ಫೆಂಗ್‌ಚಿನ್ ಜೊತೆಗೆ ಬರಬೇಕು. ಅವಳು ಹೊರಗೆ ನಿಂತು ಹಾಡು ಹೇಳಬೇಕು. ಹಾಡು ಒಂದು ಉಸಿರು ನಿಂತರೂ ಒಳಗಿನಿಂದ ‘ಇದ್ದೀಯಾ?’ ಎಂಬ ನಡುಗುವ ದನಿ ಕೇಳಿಸುತ್ತದೆ. ಆ ಹಾಡುಗಳೆಲ್ಲ ಗೋಡೆಯ ಈಚೆಗಿರುವ ನನಗೂ ಬಾಯಿಪಾಠವಾಗಿವೆ.

ದಶುನ್ ಮನೆಅಳಿಯ. ನಮ್ಮಲ್ಲಿ ಮನೆಅಳಿಯನಾಗುವುದು ಹುಡುಗಾಟವಲ್ಲ. ಹುಟ್ಟುವ ಮಕ್ಕಳಿಗೆ ಹೆಂಡತಿಯ ಮನೆತನದ ಹೆಸರು, ಧೂಪ ಹಚ್ಚುವುದು ಹೆಂಡತಿಯ ಪಿತೃಗಳಿಗೆ. ಬೈಗುಳವೊಂದೇ ಅಳಿಯನ ಸ್ವಂತ ಆಸ್ತಿ. ಅವನ ಮಾವ ಲುವಾನ್ ಚಾಂಗ್‌ಗೆಂಗ್ ಈ ಕಣಿವೆಯ ಅರ್ಧಕ್ಕರ್ಧ ಪೀಚ್ ಮರಗಳಿಗೆ ಕಸಿ ಕಟ್ಟಿದವರು. ಮಾತು ಬಹಳ ಕಡಿಮೆ. ಎಡಗೈಯಲ್ಲಿ ಕಸಿಚಾಕು ಹಿಡಿದು ಕೊಂಬೆಯನ್ನು ನೋಡುವ ಹಾಗೆಯೇ ಅಳಿಯನನ್ನೂ ನೋಡುತ್ತಿದ್ದರು, ಇಟ್ಟುಕೊಳ್ಳಲೋ ಕತ್ತರಿಸಲೋ ಎಂದು. ಒಂಬತ್ತು ವರ್ಷ ಹಾಗೆ ನೋಡಿದರು. ತೀರ್ಮಾನ ಹೇಳದೆಯೇ ಹೋದ ವಸಂತದಲ್ಲಿ ತೀರಿಕೊಂಡರು.

ಅವರ ಇಚ್ಛೆಯಂತೆ ಬೂದಿಯನ್ನು ಬೆಟ್ಟದ ತೋಟದಲ್ಲಿ, ಅವರ ಹಳೆಯ ಪೀಚ್ ಮರದ ಬುಡದಲ್ಲಿ ಮಣ್ಣು ಮಾಡಿದೆವು. ಆ ಮರಕ್ಕೆ ನಲವತ್ತು ದಾಟಿತ್ತು. ಮದುವೆಯಾದ ವರ್ಷ ಗಂಡ ಹೆಂಡತಿ ಸೇರಿ ನೆಟ್ಟದ್ದಂತೆ. ಇಪ್ಪತ್ತಾದ ಪೀಚ್ ಮರವನ್ನು ಕಡಿದು ಕತ್ತಿ ಮಾಡುವುದು ನಮ್ಮ ರೂಢಿ, ಆದರೆ ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಸಾಯುವ ಮುನ್ನ ಮುದುಕ ಅಳಿಯನನ್ನು ಹಾಸಿಗೆಯ ಬಳಿ ಕರೆದು, ಮರ ನೋಡಿಕೋ ಎಂದಿದ್ದರು. ಒಂಬತ್ತು ವರ್ಷದಲ್ಲಿ ಅವರು ಅವನನ್ನು ನಂಬಿ ಒಪ್ಪಿಸಿದ ಮೊದಲ ಕೆಲಸ ಅದು.

ಶರತ್ಕಾಲದಲ್ಲಿ ದಶುನ್ ಆ ಮರವನ್ನು ಕಡಿದುಹಾಕಿದ.

ಬೇಕೆಂದು ಕಡಿಯಲಿಲ್ಲ, ಹೆದರಿ ಕಡಿದ. ಮೇಲಿನ ಸಾಲಿನಲ್ಲಿ ಮೂರನೆಯ ಮರ ಅಂಟು ಸುರಿಸುತ್ತಿದೆ, ಅದನ್ನು ಕಡಿದು ಬಾ ಎಂದು ಅವನ ಅತ್ತೆ ಕಳಿಸಿದ್ದರು. ನನಗೆ ಅವರು ದೊಡ್ಡಮ್ಮ. ಕಾಲುದಾರಿಯ ಕಡೆಯಿಂದ ಮೂರು ಎಣಿಸಬೇಕಿತ್ತು. ಆದರೆ ಕಾಲುದಾರಿ ಮಾವನ ಸಮಾಧಿಯನ್ನು ದಾಟಿಕೊಂಡೇ ಹೋಗುತ್ತದೆ. ಬೆಟ್ಟದ ಮೇಲೆ ದಟ್ಟ ಮಂಜು ಬೇರೆ. ದಶುನ್ ಸುತ್ತು ಬಳಸಿ, ಹಿಂದಿನ ಕೊರಕಲಿನಿಂದ ಹತ್ತಿ, ಆ ತುದಿಯಿಂದ ಮೂರು ಎಣಿಸಿ, ಸಮಾಧಿ ಎಲ್ಲಾದರೂ ಕಣ್ಣಿಗೆ ಬಿದ್ದೀತೆಂದು ಕಣ್ಣು ಅರ್ಧ ಮುಚ್ಚಿಕೊಂಡೇ ಗರಗಸ ಎಳೆದ. ಮರ ಇಷ್ಟು ದಪ್ಪ ಯಾಕಿದೆ ಎಂಬ ಅನುಮಾನ ನಡುವೆ ಒಮ್ಮೆ ಬಂತಂತೆ. ಬೇಗ ಮುಗಿಸಿ ಓಡುವ ಆತುರದಲ್ಲಿ ಅದಕ್ಕೆ ಉತ್ತರ ಹುಡುಕಲಿಲ್ಲ. ಮರ ಉರುಳಿತು. ಮರವಿದ್ದ ಜಾಗದ ಆಚೆ ಮಾವನ ಸಮಾಧಿ ಕಂಡಿತು.

ಅವನು ಬೆಟ್ಟ ಇಳಿದು ನನ್ನ ಮನೆಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ನಾನು ಕೈಗಾಡಿ ಕೊಟ್ಟೆ. ಮರವನ್ನು ತುಂಡು ಮಾಡಿ ತಂದು ನನ್ನ ಹಿತ್ತಲ ಜೋಳದ ದಂಟಿನ ಮೆದೆಯೊಳಗೆ ಬಚ್ಚಿಟ್ಟೆವು. ದೊಡ್ಡಮ್ಮನಿಗೆ ಹೇಳಿಬಿಡು ಎಂದು ನಾನು ಬುದ್ಧಿ ಹೇಳಿದೆ. ಹೇಳಿದರೆ ಈ ಮನೆಯಲ್ಲಿ ತನಗೆ ಅನ್ನ ಹುಟ್ಟುವುದಿಲ್ಲ, ಹೊರಗೆ ಹಾಕಿದರೆ ಹೋಗಲು ತನಗೆ ಬೇರೆ ಮನೆಯೂ ಇಲ್ಲ ಎಂದ. ಅದೂ ಸುಳ್ಳಲ್ಲ. ನಾನು ಮೆದೆಯ ಮೇಲೆ ಇನ್ನೆರಡು ಹೊರೆ ದಂಟು ಹಾಕಿದೆ.

ದೊಡ್ಡಮ್ಮನಿಗೆ ಮೊಣಕಾಲು ನೋವು. ಗಂಡನನ್ನು ಮಣ್ಣು ಮಾಡಿದ ದಿನವೂ ಅವರನ್ನು ಕೈಗಾಡಿಯಲ್ಲಿ ಕೂರಿಸಿಕೊಂಡು ಹೋಗಿದ್ದೆವು. ಹಾಗಾಗಿ ದಿನವೂ ಊಟಕ್ಕೆ ಕೂತಾಗ ಮರ ಹೇಗಿದೆ ಎಂದು ಅಳಿಯನನ್ನು ಕೇಳುವುದು, ಚೆನ್ನಾಗಿದೆ ಎಂದು ಅವನು ಹೇಳುವುದು ನಡೆಯಿತು. ಬರೀ ಚೆನ್ನಾಗಿದೆ ಎಂದರೆ ಅವರಿಗೆ ಸಾಲದು. ಅವನು ಬಾಯಿಮಾತಿನಲ್ಲೇ ಮರದ ಮೇಲೊಂದು ಹಕ್ಕಿಗೂಡು ಕಟ್ಟಿಸಿದ. ಮಾರನೆಯ ವಾರ ಮರಕ್ಕೆ ಮೊಗ್ಗು ತರಿಸಿದ, ಅದೂ ಹಿಮ ಬೀಳುವ ತಿಂಗಳಲ್ಲಿ. ದೊಡ್ಡಮ್ಮ ಗಾಬರಿಯಾಗಿ, ಈ ಚಳಿಗೆ ಮೊಗ್ಗು ಕರಕಲಾದೀತು, ಇದನ್ನು ಕಾಂಡಕ್ಕೆ ಸುತ್ತಿ ಬಾ ಎಂದು ಗಂಡನ ಹತ್ತಿಯ ಕೋಟನ್ನೇ ತೆಗೆದುಕೊಟ್ಟರು. ಆ ಕೋಟು ನನ್ನ ಮನೆಯ ಕಪಾಟು ಸೇರಿತು. ಬಾಗಿಲು ತೆರೆದಾಗ ಅದು ನೇತಾಡುತ್ತಿರುವುದನ್ನು ಕಂಡು ಒಂದೆರಡು ಸಲ ನನ್ನ ಎದೆಯೂ ಝಲ್ಲೆಂದಿತು.

ಹನ್ನೆರಡನೆಯ ತಿಂಗಳು ಬಂತು. ನಮ್ಮ ವಂಶದ ಪಿತೃಗಳ ಹೆಸರು ಬರೆದ ದೊಡ್ಡ ಪಟವನ್ನು ಹೊಸವರ್ಷಕ್ಕೆ ಹಿರಿಯ ಶಾಖೆಯ ಮನೆಯಲ್ಲಿ, ಎಂದರೆ ದೊಡ್ಡಮ್ಮನ ಮನೆಯಲ್ಲಿ, ತೂಗುಹಾಕುತ್ತೇವೆ. ವರ್ಷದ ಕೊನೆಯ ಮಧ್ಯಾಹ್ನ ಗಂಡಸರೆಲ್ಲ ಊರಬಾಗಿಲಿಗೆ ಹೋಗಿ ಸತ್ತವರನ್ನು ಕರೆತರುತ್ತೇವೆ, ಹೊಸವರ್ಷದ ಎರಡನೆಯ ದಿನ ಕಳಿಸಿಕೊಡುತ್ತೇವೆ. ಈ ಸಲ ಪಟದ ಕೊನೆಯ ಸಾಲಿನಲ್ಲಿ ಚಾಂಗ್‌ಗೆಂಗ್ ಎಂಬ ಹೆಸರು ಹೊಸದಾಗಿ ಸೇರಿತು. ದೊಡ್ಡಮ್ಮ ಅಳಿಯನಿಗೆ ಬಡಿಸುತ್ತ ಹೇಳಿದರಂತೆ:

“ಈ ಹಬ್ಬಕ್ಕೆ ಅವರು ಮೊದಲನೇ ಸಲ ಮನೆಗೆ ಬರ್ತಾರೆ. ಮರದ ವಿಷಯ ಅವರನ್ನೇ ಕೇಳ್ತೀನಿ ಬಿಡು. ಕನಸಲ್ಲಾದ್ರೂ ಬಂದು ಹೇಳ್ತಾರೆ. ನೀನು ಹೇಳೋದು ಯಾಕೋ ದಿನಕ್ಕೊಂದು ಥರ ಇರುತ್ತೆ.”

ಮಾರನೆಯ ಬೆಳಗ್ಗೆ ದಶುನ್ ನನ್ನ ಗೋಡೆ ಹತ್ತಿ ಕೂತಿದ್ದ.

“ಅಣ್ಣ, ಸತ್ತವರು ಸುಳ್ಳು ಹೇಳ್ತಾರಾ?”

“ಬದುಕಿದ್ದಾಗಲೇ ಹೇಳದವರು ಸತ್ತ ಮೇಲೆ ಯಾಕಯ್ಯ ಹೇಳ್ತಾರೆ?”

“ಅವರು ಮನೆ ಒಳಗೆ ಬರದ ಹಾಗೆ ಏನಾದ್ರೂ ಮಾಡಬಹುದಾ?”

ಪೀಚ್ ಕೋಲು ಅಡ್ಡ ಇಡು ಎಂದೆ. ಆಣೆ ಮಾಡಿ ಹೇಳುತ್ತೇನೆ, ತಮಾಷೆಗೆ ಅಂದದ್ದು. ತಮಾಷೆಯನ್ನು ತಮಾಷೆ ಎಂದು ತಿಳಿಯುವಷ್ಟು ನೆಮ್ಮದಿ ಅವನಿಗಿರಲಿಲ್ಲ. ಆವತ್ತೇ ನನ್ನ ಮೆದೆಯಿಂದ ಮಾವನ ಮರವನ್ನು ಎಳೆದು ಉಳಿ ಹಿಡಿದು ಕೂತ.

ಸಾವಾದ ಮನೆಯ ಬಾಗಿಲಿಗೆ ಆ ವರ್ಷ ಹಬ್ಬದ ಕೆಂಪು ಕಾಗದ ಅಂಟಿಸುವಂತಿಲ್ಲ. ಬಾಗಿಲು ಬೋಳಾಗಿ ಕಾಣಬಾರದು, ಹಿಂದಿನ ಕಾಲದವರ ಹಾಗೆ ಎರಡು ಪೀಚ್ ಹಲಗೆ ತೂಗುಹಾಕೋಣ ಎಂದು ಅವನು ನೆಪ ಹೇಳಿದಾಗ ದೊಡ್ಡಮ್ಮ ಅಳಿಯನಿಗೂ ಬುದ್ಧಿ ಬಂತೆಂದು ಸಂತೋಷಪಟ್ಟರು. ಎರಡು ಹಲಗೆಗೆ ನಿಂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಕಿಟಕಿಗೊಂದು ಹಲಗೆ, ಒಲೆಯ ಹಿಂದೊಂದು, ಹೊಗೆ ಹೋಗುವ ಗೂಡಿಗೊಂದು, ಹಂದಿಗೂಡಿಗೊಂದು. ಮುದುಕ ಹಂದಿಗೂಡಿನಿಂದ ಯಾಕೆ ಬರುತ್ತಾರೆ ಎಂದು ಕೇಳಿದರೆ, ಅವರನ್ನು ನಾನು ಬಲ್ಲೆ ಅಣ್ಣ ಎಂದ. ಫೆಂಗ್‌ಚಿನ್ ಒಂದು ಬೆಳಗ್ಗೆ ಕುತ್ತಿಗೆ ಹಿಡಿದುಕೊಂಡು ಎದ್ದಳು. ಅವಳ ದಿಂಬಿನಲ್ಲಿ ಒಂದು ಗೇಣುದ್ದದ ಪೀಚ್ ಕತ್ತಿ ಇತ್ತು.

ಊರು ಇದನ್ನೆಲ್ಲ ನೋಡದೆ ಇರುತ್ತದೆಯೇ? ಹಗಲೂ ರಾತ್ರಿ ಕತ್ತಿ ಉಜ್ಜುವವನೇ ಇಷ್ಟು ಹೆದರಬೇಕಾದರೆ ಅವನು ಏನನ್ನೋ ಕಂಡಿರಬೇಕು ಎಂದು ಮಾತು ಹಬ್ಬಿತು. ಏನನ್ನು ಕಂಡ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ತಮಗೆ ತೋಚಿದ್ದನ್ನು ಹೇಳಿಕೊಂಡರು. ಒಬ್ಬಳು ಅದು ಕೆದರಿದ ಕೂದಲಿನದು ಎಂದಳು, ಇನ್ನೊಬ್ಬಳು ಅದಕ್ಕೆ ತಲೆಯೇ ಇಲ್ಲ ಎಂದಳು. ನಲವತ್ತು ವರ್ಷದಿಂದ ಊರೂರಿಗೆ ಕತ್ತಿ ಮಾರಿದವರು ಈಗ ತಮ್ಮ ಮನೆಗೇ ಒಂದೊಂದು ಕೊಂಡರು. ಮೂರನೇ ತಾತನ ಕೊಟ್ಟಿಗೆ ಬರಿದಾಯಿತು. ಆ ಗಡಿಬಿಡಿಯಲ್ಲಿ ತಾತನಿಗೆ ದಶುನ್‌ನ ಮನೆಯ ಕಡೆ ಬಂದು ನೋಡಲು ಪುರುಸೊತ್ತಾಗಲಿಲ್ಲ. ಸಂಜೆ ಬೀದಿಯಲ್ಲಿ ಜನಸಂಚಾರವೇ ನಿಂತಿತು. ನಾನಂತೂ ಕೋಟನ್ನು ಕಪಾಟಿನಿಂದ ತೆಗೆದು ಬೀಗವಿರುವ ಪೆಟ್ಟಿಗೆಗೆ ಹಾಕಿದೆ.

ಸುದ್ದಿ ತಾಲ್ಲೂಕಿನ ಸಂಸ್ಕೃತಿ ಕಚೇರಿಯ ಅಧಿಕಾರಿ ಪು ಸಾಹೇಬರ ಕಿವಿಗೂ ಬಿತ್ತು. ಮೂಢನಂಬಿಕೆ ಎಂದು ಬೈಯುತ್ತಾರೆಂದು ನಾವು ಕಾದೆವು. ಸಾಹೇಬರು ಅಂಗಳದಲ್ಲಿ ನಿಂತು ಸುತ್ತಲೂ ನೋಡಿ ಕನ್ನಡಕ ಒರೆಸಿಕೊಂಡರು. ಇದು ಮೂಢನಂಬಿಕೆಯಲ್ಲ, ಪರಂಪರೆ ಎಂದರು. ಎರಡು ಹಲಗೆಯಿದ್ದರೆ ಮೂಢನಂಬಿಕೆ, ಮನೆ ತುಂಬ ಇದ್ದರೆ ಪರಂಪರೆ ಎಂದು ನಮಗೆ ಆಗ ತಿಳಿಯಿತು. ಎಷ್ಟು ತಲೆಮಾರಿನಿಂದ ನಡೆದು ಬಂದಿದೆ ಎಂದು ಕೇಳಿದರು. ದಶುನ್ ಬೆಬ್ಬೆಬ್ಬೆ ಎನ್ನುತ್ತ ಏಳು ಎಂದ. ಅವರು ಬರೆದುಕೊಂಡರು. ಹೊಸವರ್ಷದ ಎರಡನೆಯ ದಿನ ಮಧ್ಯಾಹ್ನ ಮೇಲಿನ ಸಾಹೇಬರನ್ನು ಕರೆದುಕೊಂಡು ಬರುತ್ತೇನೆ, ಅಲ್ಲಿಯವರೆಗೆ ಒಂದು ಹಲಗೆಯನ್ನೂ ಅಲುಗಾಡಿಸಕೂಡದು ಎಂದು ದೊಡ್ಡಮ್ಮನಿಂದ ಮಾತು ತೆಗೆದುಕೊಂಡು ಹೋದರು.

ವರ್ಷದ ಕೊನೆಯ ದಿನ. ದಶುನ್ ಬೆಳಗ್ಗೆಯೇ ಕೊನೆಯ ಹಲಗೆಗೆ ಮೊಳೆ ಹೊಡೆದು, ಅಂಗಳದ ಬಾಗಿಲ ಹೊಸ್ತಿಲಿಗೆ ಆಳುದ್ದದ ಪೀಚ್ ಕೋಲೊಂದನ್ನು ಅಡ್ಡ ಇಟ್ಟ. ಎಷ್ಟೋ ದಿನದ ಮೇಲೆ ಎರಡು ಹಬೆರೊಟ್ಟಿ ತಿಂದ. ಮಧ್ಯಾಹ್ನ ನಾವು ಮೂವತ್ತು ಗಂಡಸರು ಊರಬಾಗಿಲಿಗೆ ಹೋದೆವು. ಪಟವಿರುವ ಮನೆಯ ಗಂಡಸು ಹೊತ್ತಿಸಿದ ಧೂಪ ಹಿಡಿದು ಮುಂದೆ ನಡೆಯಬೇಕು. ಅವನ ಹಿಂದೆ ಸತ್ತವರು, ಅವರ ಹಿಂದೆ ಬದುಕಿರುವವರು. ಬೆನ್ನ ಹಿಂದೆ ಯಾರಿದ್ದಾರೆಂದು ಗೊತ್ತಿದ್ದ ದಶುನ್‌ನ ಕುತ್ತಿಗೆ ಭುಜದೊಳಗೆ ಹುದುಗಿಹೋಗಿತ್ತು. ಧೂಪದ ಬೂದಿ ಉದುರಿ ಅವನ ಕೈ ಸುಡುತ್ತಿತ್ತು, ಅವನು ಕೊಡವಲೂ ಇಲ್ಲ. ಆದರೂ ನಡೆದ. ಬಾಗಿಲವರೆಗೆ ತಾನೇ, ಆಮೇಲೆ ಕೋಲು ನೋಡಿಕೊಳ್ಳುತ್ತದೆ ಎಂಬ ಧೈರ್ಯ.

ಬಾಗಿಲಲ್ಲಿ ಕೋಲಿರಲಿಲ್ಲ. ಬಾಗಿಲ ಹಲಗೆಗಳೂ ಇರಲಿಲ್ಲ. ದೊಡ್ಡಮ್ಮ ಅಂಗಳದಲ್ಲಿ ಕೂತು, ಹಬ್ಬದ ದಿನ ಇಷ್ಟು ಕೊಳೆಯಾದ ಹಲಗೆ ಬಾಗಿಲಲ್ಲಿರಬಾರದೆಂದು ಬಿಸಿನೀರಿನ ಬೋಗುಣಿಯಲ್ಲಿ ಅವನ್ನು ತೊಳೆಯುತ್ತಿದ್ದರು. ಕೋಲನ್ನೂ ಒರೆಸಿ ಗೋಡೆಗೆ ಒರಗಿಸಿದ್ದರು. ತೊಳೆದು ಮತ್ತೆ ಅಲ್ಲೇ ತೂಗುಹಾಕಿದರೆ ಸಾಹೇಬರಿಗೆ ಕೊಟ್ಟ ಮಾತು ತಪ್ಪಿದಂತಲ್ಲ ಎಂಬುದು ಅವರ ಲೆಕ್ಕ. ದಶುನ್ ಹೊಸ್ತಿಲ ಮೇಲೆ ಕಂಬವಾಗಿ ನಿಂತ.

“ನಡಿಯಯ್ಯ ಒಳಗೆ, ಹಿರಿಯರು ಚಳೀಲಿ ನಿಂತಿದಾರೆ” ಎಂದು ಮೂರನೇ ತಾತ ಹಿಂದಿನಿಂದ ಗದರಿದರು.

ಅವನು ಒಳಗೆ ನಡೆದ. ಹಿರಿಯರೂ ಹಿಂದೆಯೇ ನಡೆದರು. ನಾವೆಲ್ಲ ತಲೆ ತಗ್ಗಿಸಿ ಒಳಬಂದು, ಅತ್ತಿತ್ತ ನೋಡದೆ ಪಟಕ್ಕೆ ಅಡ್ಡಬಿದ್ದು ಮನೆಗೆ ಹೊರಟೆವು. ಎಲ್ಲರೂ ದಾಟಿದ ಮೇಲೆ ದೊಡ್ಡಮ್ಮ ಹಲಗೆಗಳನ್ನು ಮೊದಲಿನಂತೆ ತೂಗುಹಾಕಿದರು. ಪಿತೃಗಳು ಒಳಗೆ ಬಂದ ಮೇಲೆ ಕಂಡವರ ಮನೆಯ ದೆವ್ವಗಳು ನುಗ್ಗದಿರಲೆಂದು ಬಾಗಿಲಿಗೊಂದು ಕೋಲು ಅಡ್ಡ ಇಡುವುದು ಎಲ್ಲರ ಮನೆಯ ವಾಡಿಕೆ. ದೊಡ್ಡಮ್ಮ ಕೈಗೆ ಸಿಕ್ಕ ಪೀಚ್ ಕೋಲನ್ನೇ ಇಟ್ಟರು. ನಾನು ನನ್ನ ಗೋಡೆಯ ಮೇಲಿಂದ ನೋಡುತ್ತಿದ್ದೆ. ದಶುನ್ ನಿಧಾನವಾಗಿ ಗೋಡೆಯ ಬಳಿ ಬಂದ.

“ಅಣ್ಣ, ಕೋಲು ಹೊರಗಿನವರನ್ನ ಒಳಗೆ ಬಿಡಲ್ಲ. ಒಳಗಿನವರನ್ನ ಹೊರಗೆ ಬಿಡುತ್ತಾ?”

“ಕೋಲಿಗೆ ಒಳಗು ಹೊರಗು ಗೊತ್ತಾಗುತ್ತಾ, ಪೆದ್ದಾ?” ಎಂದೆ. ಹೇಳಿದ ಮೇಲೆ ನನಗೇ ಹೊಳೆಯಿತು. ಯಾರನ್ನು ಹೊರಗಿಡಲು ಅವನು ಒಂದು ತಿಂಗಳು ಕೆತ್ತಿದ್ದನೋ ಅವರನ್ನು ಕಿಟಕಿ, ಒಲೆ, ಹಂದಿಗೂಡು ಎಲ್ಲವನ್ನೂ ಭದ್ರ ಮಾಡಿ ತನ್ನ ಜೊತೆಗೇ ಕೂಡಿಹಾಕಿಕೊಂಡಿದ್ದ. ಒಂದು ಹಲಗೆಗೆ ಕೈಹಾಕಿದನಂತೆ. ಸಾಹೇಬರಿಗೆ ಮಾತು ಕೊಟ್ಟಿದೀನಿ, ಮುಟ್ಟಬೇಡ ಎಂದು ದೊಡ್ಡಮ್ಮ ಒಳಗಿನಿಂದಲೇ ಕೂಗಿದರಂತೆ.

ಮುಂದಿನ ಎರಡು ದಿನದ ವಿವರವನ್ನು ಫೆಂಗ್‌ಚಿನ್ ನನ್ನ ಹೆಂಡತಿಗೆ ಹೇಳಿದ್ದರಿಂದ ನಾನು ಬಲ್ಲೆ. ಮೇಜಿನ ತುದಿಯಲ್ಲಿ ಮಾವನ ಕುರ್ಚಿ ಹಾಕಿದ್ದರು, ಮುಂದೆ ಕಡುಬಿನ ಬಟ್ಟಲು, ಜೋಳದ ಸಾರಾಯಿಯ ಲೋಟ. ಸಾರಾಯಿ ಬಗ್ಗಿಸುವುದು ಅಳಿಯನ ಕೆಲಸ, ಆದ್ದರಿಂದ ಅವನ ಜಾಗ ಆ ಕುರ್ಚಿಯ ಮಗ್ಗುಲಲ್ಲೇ. ಅವನು ಕಣ್ಣು ಮುಚ್ಚಿ ಬಗ್ಗಿಸಿದ, ಅರ್ಧ ಮೇಜಿನ ಮೇಲೆ ಹೋಯಿತು. ದೊಡ್ಡಮ್ಮ ಕುರ್ಚಿಯ ಜೊತೆ ಬೀದಿಯ ಸುದ್ದಿಯನ್ನೆಲ್ಲ ಮಾತಾಡಿದರು, ಹೊಸ ಕಡುಬಿನ ಹಿಟ್ಟು ಸರಿಯಿಲ್ಲ ಎಂದರು, ನಡುವೆ ಎಂಬಂತೆ ಮರ ಹೇಗಿದೆ ಎಂದು ಕೇಳಿದರು. ದಶುನ್‌ನ ಕೈಯಿಂದ ಊಟದ ಕಡ್ಡಿಗಳು ಕೆಳಗೆ ಬಿದ್ದವು. ಅವನ್ನು ಎತ್ತಿಕೊಳ್ಳಲು ಮೇಜಿನ ಕೆಳಗೆ ಬಗ್ಗಿದರೆ ಅಲ್ಲಿ ಯಾರ ಕಾಲು ಕಾಣುವುದೋ ಎಂದು ಅವನು ಕೈಯಲ್ಲೇ ತಿಂದ. ದೊಡ್ಡಮ್ಮ ಬಹಳ ಹೊತ್ತು ಕಿವಿಗೊಟ್ಟು ಕೂತಿದ್ದು, ಕೊನೆಗೆ, “ಏನೂ ಹೇಳಲ್ಲ ಇವರು. ಮೊದಲಿಂದಲೂ ಹೀಗೇ” ಎಂದರು.

ಮಾರನೆಯ ಬೆಳಗ್ಗೆ ಕನಸು ಬಿದ್ದಿರಲಿಲ್ಲ. ಅದರ ಮಾರನೆಯ ಬೆಳಗ್ಗೆಯೂ ಇಲ್ಲ. ಏನೋ ಮುಚ್ಚಿಡ್ತಿದಾರೆ, ಮರಕ್ಕೆ ಏನೋ ಆಗಿದೆ ಎಂದು ದೊಡ್ಡಮ್ಮ ಕಣ್ಣು ಒರೆಸಿಕೊಂಡರು. ದಶುನ್ ಅಷ್ಟರಲ್ಲಿ ಸೊರಗಿ ಅರ್ಧವಾಗಿದ್ದ.

ಎರಡನೆಯ ದಿನ ಮಧ್ಯಾಹ್ನ ಪಿತೃಗಳನ್ನು ಕಳಿಸಿಕೊಡಲು ವಂಶದವರೆಲ್ಲ ಪಟಾಕಿ ಹಿಡಿದು ಬಂದೆವು. ಎಲ್ಲರಿಗಿಂತ ಮುಂದಿದ್ದ ಮೂರನೇ ತಾತ ಹೊಸ್ತಿಲ ಕೋಲನ್ನು ನೋಡಿ ನಿಂತುಬಿಟ್ಟರು. ಕೋಲಿನಿಂದ ಹಲಗೆಗೆ, ಹಲಗೆಯಿಂದ ಕಿಟಕಿಗೆ, ಕಿಟಕಿಯಿಂದ ಮಾಡಿಗೆ ಅವರ ಕಣ್ಣು ಹರಿಯಿತು. ಎಂಬತ್ತು ದಾಟಿದ ಮುಖ ಬಿಳಿಚಿಕೊಂಡಿತು.

“ಇದು ಪೀಚ್ ಅಲ್ವೇನಯ್ಯ? ಕಳಿಸೋದು ಹೇಗೆ? ಅವರು ಹೊರಗೆ ಬರೋದು ಹೇಗೆ?”

ಆಗ ಎಲ್ಲರಿಗೂ ಅರ್ಥವಾಯಿತು. ಒಳಗಿರುವುದು ದಶುನ್‌ನ ಮಾವ ಒಬ್ಬರೇ ಅಲ್ಲ. ಹನ್ನೊಂದು ತಲೆಮಾರಿನ ಲುವಾನ್‌ಗಳು, ಇಲ್ಲಿ ನಿಂತ ಪ್ರತಿಯೊಬ್ಬನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಆ ಮೂರು ಕೋಣೆಯಲ್ಲಿ ಸೆರೆಯಾಗಿದ್ದರು. ಬಿಡದಿದ್ದರೆ ವರ್ಷವಿಡೀ ಊರಲ್ಲೇ ಉಳಿಯುತ್ತಾರೆ, ಸಿಟ್ಟಾದ ಮುತ್ತಜ್ಜ ಏನು ಮಾಡಿಯಾನೋ ಹೇಳಬರುವುದಿಲ್ಲ. ಹೆಂಗಸರು ಬಾಗಿಲಿನಿಂದ ಹಿಂದೆ ಸರಿದರು. ಗಂಡಸರು, ನಮ್ಮ ಮುತ್ತಜ್ಜನನ್ನು ಬಿಡು ಎಂದು ದಶುನ್‌ನ ಮೇಲೆ ಏರಿಹೋದರು. ನಾಲ್ಕು ಜನ ಹಲಗೆ ಕೀಳಲು ಕೈಹಾಕಿದರು. ಸರಿಯಾಗಿ ಅದೇ ಹೊತ್ತಿಗೆ ಪು ಸಾಹೇಬರ ಕಾರು ಬಂತು. ಇಳಿದ ಸಾಹೇಬರು ಓಡಿ ಬಂದು ಹಲಗೆಯ ಮುಂದೆ ಎರಡೂ ಕೈ ಚಾಚಿ ನಿಂತು, ಏಳು ತಲೆಮಾರಿನ ಪರಂಪರೆಯನ್ನು ಮುಟ್ಟಕೂಡದು ಎಂದರು. ಹನ್ನೊಂದು ತಲೆಮಾರು ಒಳಗಿದೆ ಸಾಹೇಬರೇ ಎಂದು ನಾವು ಹೇಳಿದೆವು. ಅವರ ಪುಸ್ತಕದಲ್ಲಿ ಅದು ಎಲ್ಲಿಯೂ ಬರೆದಿರಲಿಲ್ಲ. ಕಾರಿನೊಳಗಿದ್ದ ಮೇಲಿನ ಸಾಹೇಬರು ಗಾಜು ಇಳಿಸಿ, ಒಳಗೆ ಯಾರಿದ್ದಾರೆಂದು ಯಾರನ್ನೋ ವಿಚಾರಿಸಿ, ಮತ್ತೆ ಗಾಜು ಏರಿಸಿಕೊಂಡರು.

ಈ ಜಗ್ಗಾಟದ ನಡುವೆ ಮೂರನೇ ತಾತ ಬಗ್ಗಿ ಹೊಸ್ತಿಲ ಕೋಲನ್ನು ಎತ್ತಿಕೊಂಡರು. ಎತ್ತಿದವರು ಬಿಸಾಡಲಿಲ್ಲ. ನಡುವಿನ ಗಂಟೊಂದನ್ನು ಹೆಬ್ಬೆರಳಿನಿಂದ ಸವರಿದರು, ಮೂಸಿದರು, ಬೆಳಕಿಗೆ ಹಿಡಿದು ಮತ್ತೆ ಸವರಿದರು. ಗಲಾಟೆ ತಾನಾಗಿ ನಿಂತಿತು.

“ಇದು ಕಸಿಯ ಗಂಟು. ಚಾಕು ಎಡಗಡೆಗೆ ಇಳಿದಿದೆ. ಈ ಊರಲ್ಲಿ ಎಡಗೈಲಿ ಕಸಿ ಕಟ್ತಿದ್ದವನು ಒಬ್ಬನೇ. ಇಷ್ಟು ಕಪ್ಪಗಾಗಿರೋ ಮರವೂ ಒಂದೇ.” ತಾತ ತಲೆಯೆತ್ತಿದರು. “ಇದನ್ನ ಎಲ್ಲಿಂದ ತಂದೆ, ದಶುನ್?”

ದೊಡ್ಡಮ್ಮ ಬಾಗಿಲಿಗೆ ಬಂದು ನಿಂತಿದ್ದರು. ದಶುನ್ ಅವರ ಮುಖ ನೋಡಿದ, ನನ್ನ ಮುಖ ನೋಡಿದ. ನಾನು ನನ್ನ ಪಾದಗಳನ್ನು ನೋಡಿಕೊಂಡೆ. ನನಗೆ ನಾಚಿಕೆಯಾಯಿತು, ಆದರೂ ತಲೆಯೆತ್ತಲಿಲ್ಲ. ಅವನು ಅಲ್ಲೇ ಹೊಸ್ತಿಲ ಮೇಲೆ ಮೊಣಕಾಲೂರಿ, “ಅಮ್ಮ, ಮರ...” ಎಂದ.

“ನನಗೆ ಹೇಳಬೇಡ” ಎಂದರು ದೊಡ್ಡಮ್ಮ. “ಯಾರು ಒಪ್ಪಿಸಿದ್ರೋ ಅವರಿಗೆ ಹೇಳು.”

ಮೂರನೇ ತಾತ, ಮೊದಲು ಹಲಗೆ ಕಿತ್ತು ಹಿರಿಯರನ್ನು ಬಿಡೋಣ, ಅದೆಲ್ಲ ಆಮೇಲೆ ಎಂದರು. ದೊಡ್ಡಮ್ಮ ಆ ಕಡೆ ತಿರುಗಿದರು.

“ಚಿಕ್ಕಮಾವ, ಅವರು ನೆಟ್ಟು, ಅವರೇ ಕಸಿ ಕಟ್ಟಿದ ಮರ ಅವರನ್ನ ತಡೆಯುತ್ತಾ? ಬೇಕಾದಾಗ ಬಂದಿದಾರೆ, ಬೇಕಾದಾಗ ಹೋಗ್ತಾರೆ. ನಿಮ್ಮ ಮುತ್ತಜ್ಜನ ವಿಷಯ ನೀವು ನೋಡ್ಕೊಳ್ಳಿ.”

ದಶುನ್ ಉಸಿರು ಎಳೆದುಕೊಂಡ ಸದ್ದು ನನಗೆ ಕೇಳಿಸಿತು. ಹಾಗಾದರೆ ಈ ತಿಂಗಳಿಡೀ ಒಂದು ಹಲಗೆಯೂ ಅವನನ್ನು ಕಾಯುತ್ತಿರಲಿಲ್ಲ. ಪಾಯಿಖಾನೆಯಲ್ಲಿ, ಒಲೆಯ ಹಿಂದೆ, ದಿಂಬಿನ ಪಕ್ಕದಲ್ಲಿ ಮುದುಕ ಮನಸ್ಸು ಬಂದಾಗಲೆಲ್ಲ ಬಂದು ಕೂತು ಅವನು ಉಳಿ ಹೊಡೆಯುವುದನ್ನು ನೋಡಿರಬಹುದು. ಅವನು ಎದ್ದು ಒಳಗೆ ಹೋಗಲಿಲ್ಲ. ಮೊಣಕಾಲಿನಲ್ಲೇ ತೆವಳಿಕೊಂಡು ಹೋಗಿ ಮಾವನ ಕುರ್ಚಿಯ ಮುಂದೆ ಕೂತ. ನಾವು ಬಾಗಿಲಲ್ಲಿ, ಕಿಟಕಿಯಲ್ಲಿ ಒಬ್ಬರ ಮೇಲೊಬ್ಬರು ಬಗ್ಗಿದೆವು. ಪು ಸಾಹೇಬರೂ ಬಗ್ಗಿದರು.

“ಅಪ್ಪ, ಮರ ನಾನೇ ಕಡಿದೆ. ಬೇರೆ ಮರ ಅಂತ ಕಡಿದೆ. ಹಕ್ಕಿಗೂಡೂ ಸುಳ್ಳು, ಮೊಗ್ಗೂ ಸುಳ್ಳು. ನಿಮ್ಮ ಕೋಟು ಪಕ್ಕದ ಮನೇಲಿದೆ.”

ಎಲ್ಲರೂ ನನ್ನನ್ನು ನೋಡಿದರು. ದೊಡ್ಡಮ್ಮ ನೋಡಲಿಲ್ಲ. ಅವರು ತಲೆ ಓರೆ ಮಾಡಿ ಕುರ್ಚಿಯ ಕಡೆ ಕಿವಿಗೊಟ್ಟಿದ್ದರು. ಒಲೆಯಲ್ಲಿ ಕೆಂಡ ಚಿಟಿಲ್ ಎಂದಿತು. ಮೂವತ್ತು ಜನ ಉಸಿರು ಬಿಗಿಹಿಡಿದು ಒಂದು ಖಾಲಿ ಕುರ್ಚಿಯನ್ನು ನೋಡುತ್ತ ನಿಂತಿದ್ದೆವು. 

“ಯಾವ ಕಡೆಯಿಂದ ಎಣಿಸಿದೆ ಅಂತ ಕೇಳ್ತಿದಾರೆ” ಎಂದರು ದೊಡ್ಡಮ್ಮ.

“ಕೊರಕಲಿನ ಕಡೆಯಿಂದ.”

“ಹಾದಿ ಕಡೆಯಿಂದ ಯಾಕೆ ಎಣಿಸಲಿಲ್ಲ?”

ದಶುನ್ ಅಳತೊಡಗಿದ. “ಹಾದಿ ಕಡೆ ಅವರಿದ್ರು.”

ದೊಡ್ಡಮ್ಮ ಕುರ್ಚಿಯನ್ನು ಬಿಟ್ಟು ಅವನನ್ನು ನೋಡಿದರು. ಅವರ ಗಲ್ಲ ನಡುಗುತ್ತಿತ್ತು. ಅದು ಸಿಟ್ಟೋ ದುಃಖವೋ, ಮತ್ತಿನ್ನೇನೋ ನಮಗೆ ತಿಳಿಯಲಿಲ್ಲ. ಆಮೇಲೆ ಕುರ್ಚಿಯ ಮುಂದಿನ ಲೋಟವನ್ನು ಎತ್ತಿ ಸಾರಾಯಿಯನ್ನು ನೆಲಕ್ಕೆ ಸುರಿದರು.

“ಇನ್ನು ಹೊರಡ್ತಾರಂತೆ. ಬೆಟ್ಟದ ಮೇಲಿನ ಮನೆವರೆಗೂ ನೀನೇ ಬಿಟ್ಟು ಬರಬೇಕಂತೆ. ಹಾದಿ ಕಡೆಯಿಂದಲೇ.”

ಹಲಗೆಗಳನ್ನು ಕಿತ್ತೆವು. ಪು ಸಾಹೇಬರು ತಡೆಯಲಿಲ್ಲ. ಕಾರು ಯಾವಾಗಲೋ ಹೊರಟುಹೋಗಿತ್ತು, ಅವರು ಅದರ ಹಿಂದೆ ಓಡುತ್ತಿದ್ದರು. ಊರಬಾಗಿಲಲ್ಲಿ ಪಟಾಕಿ ಹೊಡೆದು ಹನ್ನೊಂದು ತಲೆಮಾರನ್ನು ಸಾಂಗವಾಗಿ ಕಳಿಸಿಕೊಟ್ಟೆವು. ಅಲ್ಲಿಂದ ಮುಂದೆ ದಶುನ್ ಧೂಪ ಹಿಡಿದು ಒಬ್ಬನೇ ಬೆಟ್ಟದ ಹಾದಿ ಹಿಡಿದ. ಸತ್ತವರನ್ನು ಬಿಡಲು ಹೋಗುವವನು ಹಿಂದೆ ತಿರುಗಿ ನೋಡಬಾರದು. ಅವನು ನಾಲ್ಕು ಹೆಜ್ಜೆ ಹೋಗಿದ್ದನೋ ಇಲ್ಲವೋ, ದೊಡ್ಡಮ್ಮ ಮೂರನೇ ತಾತನ ಕೈಯಿಂದ ಪೀಚ್ ಕೋಲನ್ನು ಕಿತ್ತುಕೊಂಡು, ಅದನ್ನೇ ಊರುತ್ತ ಅವನ ಹಿಂದೆ ಹೊರಟರು. ಜೊತೆಗೆ ಬರಹೋದ ಫೆಂಗ್‌ಚಿನ್‌ಳನ್ನು ಕಣ್ಣಿನಲ್ಲೇ ನಿಲ್ಲಿಸಿದರು. ಕೈಗಾಡಿ ತರಲೇ ಎಂದ ನನ್ನನ್ನು ಕೋಟು ತಾ ಎಂದು ಅಟ್ಟಿದರು.

ಕೋಟು ತೆಗೆದುಕೊಂಡು ನಾನು ಹಿಂದಿನಿಂದ ಹತ್ತಿದೆ. ಮುಂದೆ ದಶುನ್, ಇಪ್ಪತ್ತು ಹೆಜ್ಜೆ ಹಿಂದೆ ದೊಡ್ಡಮ್ಮ. ಟಕ್ ಎಂದು ಕೋಲು, ಆಮೇಲೆ ಎಳೆಯುವ ಒಂದು ಹೆಜ್ಜೆ, ಆಮೇಲೆ ಏದುಸಿರು. ಪ್ರತಿ ಟಕ್ಕಿಗೂ ದಶುನ್‌ನ ಭುಜ ಕಿವಿಯವರೆಗೆ ಏರುತ್ತಿತ್ತು. ಅವನು ನಿಂತರೆ ಸದ್ದೂ ನಿಲ್ಲುತ್ತಿತ್ತು, ನಡೆದರೆ ಮತ್ತೆ ಹಿಂದೆ ಬರುತ್ತಿತ್ತು. ಅತ್ತೆ ಬೆಟ್ಟ ಹತ್ತಿಯಾರೆಂಬುದು ಅವನ ಕನಸಿನಲ್ಲೂ ಇರಲಿಲ್ಲ. ಒಮ್ಮೆ ಜೋರಾಗಿ, ಕಲ್ಲಿದೆ ಅಪ್ಪ, ನೋಡ್ಕೊಂಡು ಬನ್ನಿ ಎಂದ. ದೊಡ್ಡಮ್ಮ ಕೋಲೂರಿ ಕಲ್ಲನ್ನು ಬಳಸಿ ನಡೆದರು.

ಸಮಾಧಿಯ ಮುಂದೆ ಧೂಪ ನೆಟ್ಟು ದಶುನ್ ಹಣೆಯನ್ನು ಮಣ್ಣಿಗೆ ಹಚ್ಚಿದ. ಟಕ್ ಟಕ್ ಹತ್ತಿರ ಬಂತು, ಅವನನ್ನು ದಾಟಿತು, ನಿಂತಿತು. ಕಡಿದ ಮರದ ಮೋಟಿನ ಮೇಲೆ ಯಾರೋ ಉಸ್ಸೆಂದು ಕೂತರು. ಅವನ ಬೆರಳುಗಳು ಮಣ್ಣನ್ನು ಗೀರುತ್ತಿದ್ದುದು ನನಗೆ ದೂರದಿಂದಲೂ ಕಂಡಿತು.

“ಕೂರೋದಕ್ಕೆ ಎತ್ತರ ಸರಿಯಾಗಿದೆ” ಎಂದರು ದೊಡ್ಡಮ್ಮ.

ದಶುನ್ ತಲೆಯೆತ್ತಿ ಅತ್ತೆಯನ್ನು ಕಂಡು ಮತ್ತೆ ಅತ್ತ. ಅವರು ಅವನನ್ನು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಮೋಟಿನ ಮೇಲೆ ಅಂಗೈ ಆಡಿಸುತ್ತ ಸಮಾಧಿಯನ್ನು ನೋಡುತ್ತಿದ್ದರು. ನಾನು ಕೋಟು ಕೊಟ್ಟೆ. ಮಡಿಲಲ್ಲಿ ಇಟ್ಟುಕೊಂಡರು.

“ನೀನು ಮನೆಗೆ ಹೋಗಿ ಕಡುಬಿಗೆ ನೀರಿಡು” ಎಂದು ಸಮಾಧಿಯಿಂದ ಕಣ್ಣು ತೆಗೆಯದೆಯೇ ಅಳಿಯನಿಗೆ ಹೇಳಿದರು. “ನಾವಿಬ್ರೂ ಆಮೇಲೆ ಬರ್ತೀವಿ.”

ಮನೆಗೆ ಹೋಗು ಎಂದ ಮಾತು ಕೇಳಿ ದಶುನ್‌ನ ಮುಖ ಅರಳಿತು. ಉಳಿದ ಮಾತು ಕಿವಿಗೆ ಬಿದ್ದಾಗ ಮತ್ತೆ ಬಾಡಿತು. ಎದ್ದು ಎರಡು ಹೆಜ್ಜೆ ಇಳಿದವನು ನನ್ನ ತೋಳು ಹಿಡಿದುಕೊಂಡು, ಅಣ್ಣ, ಎಷ್ಟು ಬಟ್ಟಲು ಇಡಲಿ ಎಂದು ಪಿಸುಗುಟ್ಟಿದ.

ನಾನು ಮೇಲೆ ತಿರುಗಿ ನೋಡಿದೆ. ದೊಡ್ಡಮ್ಮ ಕೋಟನ್ನು ಪಕ್ಕಕ್ಕೆ ಹಾಸಿ, ಮೋಟಿನ ಒಂದು ಬದಿಗೆ ಸರಿದು ಕೂತಿದ್ದರು.